ಪೋರ್ಟಿನ ಅಂಕಿ ಮತ್ತು ಊರಿನ ತಂತಿ

ಗಣಕಯಂತ್ರದ ಪೋರ್ಟಿಗೆ ಸೆಕೆಂಡಿಗೆ 1,15,200 ಬಿಟ್ ಎಂದು ನಮೂದಿಸಿದರೆ ದೂರವಾಣಿಯೂ ಆ ವೇಗದಲ್ಲಿ ಓಡುವುದೆಂದು ನಂಬುವುದು ಸುಲಭ. ಆದರೆ ಆ ಅಂಕಿ ಯಂತ್ರದಿಂದ ಮೋಡೆಮ್ಮಿನವರೆಗಿನ ಒಂದೆರಡು ಮೊಳದ ದಾರಿಯದು. ಮೋಡೆಮ್ ಅಕ್ಷರಗಳನ್ನು ಅಡಕಗೊಳಿಸಿ ಕಳಿಸುತ್ತಿದ್ದುದರಿಂದ ಈ ದಾರಿ ತಂತಿಗಿಂತ ಚುರುಕಾಗಿರಬೇಕಿತ್ತು. ಅಲ್ಲಿಂದಾಚೆಗೆ ಊರಿನ ತಂತಿ, ವಿನಿಮಯ ಕೇಂದ್ರಗಳದೇ ಆಳ್ವಿಕೆ.

1995ರ ಆಗಸ್ಟ್ 15ರಂದು ವಿದೇಶ್ ಸಂಚಾರ್ ನಿಗಮವು ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದದ್ದು ಮುಂಬಯಿ, ದಿಲ್ಲಿ, ಕಲಕತ್ತೆ, ಮದರಾಸುಗಳಲ್ಲಿ. ಹಾನಗಲ್ಲು ತಾಲೂಕಿನ ತಿಳವಳ್ಳಿಯಂಥ ಊರಿಗೆ ಅದು ದೂರದ ಕರೆ. ವೇಗ ತಗ್ಗಿದರೆ ನಿಮಿಷ ಹೆಚ್ಚು, ನಿಮಿಷ ಹೆಚ್ಚಿದರೆ ಬಿಲ್ಲೂ ಹೆಚ್ಚು.

ಆದರೂ ಹಳ್ಳಿ ಎಂದರೆ ನಿಧಾನ ಎಂಬ ಮಾತನ್ನು ನಾನು ಒಪ್ಪಲಾರೆ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ತನ್ನ 128 ಮಾರ್ಗಗಳ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಯಂತ್ರವನ್ನು ಮೊದಲು ನಿಲ್ಲಿಸಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಹವಾನಿಯಂತ್ರಣವನ್ನು ಬೇಡದೆ, ಮಾತನ್ನು ಅಂಕಿಗಳಾಗಿಸಿ ಸಾಗಿಸುವ ಯಂತ್ರವದು. 1998ರಲ್ಲಿ ರೂಢಿಗೆ ಬಂದ 56 ಸಾವಿರ ಬಿಟ್ಟಿನ ಮೋಡೆಮ್ ಬಯಸಿದ್ದೂ ಇಂಥ ಕೇಂದ್ರಗಳನ್ನೇ: ಮನೆಯ ತಂತಿಯೊಂದನ್ನು ಬಿಟ್ಟು ಉಳಿದ ದಾರಿಯೆಲ್ಲ ಅಂಕಿಯ ದಾರಿಯಾಗಿರಬೇಕು. ನಡುವೆ ಹಳೆಯ ಬಗೆಯ ಕೊಂಡಿ ಒಂದೇ ಇದ್ದರೂ ಓಟ 33 ಸಾವಿರದ ಆಸುಪಾಸಿಗೆ ನಿಲ್ಲುತ್ತಿತ್ತು.

ಹೀಗೆ, ಆ ಮೋಡೆಮ್ ಕೇಳಿದ ಗುಣ ಹನ್ನೆರಡು ವರ್ಷ ಮೊದಲೇ ಕಿತ್ತೂರಿಗೆ ಬಂದಿತ್ತು. ಹಳ್ಳಿಗೆ ಎಷ್ಟು ವೇಗ ಸಾಕೆಂದು ಪಟ್ಟಣದಲ್ಲಿ ಕುಳಿತು ತೀರ್ಮಾನಿಸುವವರು ಇದನ್ನು ನೆನೆಯುವುದು ಒಳ್ಳೆಯದು.