ಹಳೇ ಅಂಬಾಸಿಡರಿನ ಸಾಮಾನು

ನಮ್ಮ ಮನೆ ಮುಂದಿನ ಹುಣಸೆಮರದ ಕೆಳಗೆ ಒಂದು ಬಿಳಿ ಅಂಬಾಸಿಡರ್ ಕಾರಿದೆ. 1977ರ ಮಾರ್ಕ್ 3. ನಮ್ಮಪ್ಪ ಅದನ್ನು 1989ರಲ್ಲಿ ಕಡ್ಲೆಕಾಯಿ ಮಾರಿದ ದುಡ್ಡಲ್ಲಿ ಸೆಕೆಂಡ್ ಹ್ಯಾಂಡಿಗೆ ತಗೊಂಡರು. ಅಕ್ಕನನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿದ್ದರಿಂದ ಹಿಂದೂಪುರ, ಮಡಕಶಿರಾ, ಪಾವಗಡ, ಕಲ್ಯಾಣದುರ್ಗ, ಇದೇ ಅದರ ಮಾಮೂಲಿ ದಾರಿ. ಆಂಧ್ರದಲ್ಲಿ ಹೊರಟು, ಕರ್ನಾಟಕದ ಪಾವಗಡ ದಾಟಿ, ಮತ್ತೆ ಆಂಧ್ರ ಸೇರಬೇಕು. "ಆ ಗಾಡಿ ಇನ್ನೂ ಓಡುತ್ತಾ?" ಅಂತ ಊರವರು ಕೇಳ್ತಿರ್ತಾರೆ. ಓಡುತ್ತೆ. ಹೇಗೆ ಅನ್ನೋದನ್ನ ಇಲ್ಲಿ ಬರೆದಿದ್ದೇನೆ.

ಈ ಕಾರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಹಿಂದೂಸ್ತಾನ್ ಮೋಟಾರ್ಸ್‌ನವರು ಕಲ್ಕತ್ತೆ ಹತ್ತಿರದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಗೆ ಅದನ್ನೇ ಅಂಬಾಸಿಡರ್ ಹೆಸರಲ್ಲಿ ಮಾಡತೊಡಗಿದರು. 2014ರ ಮೇ ತಿಂಗಳಲ್ಲಿ ಕೆಲಸ ನಿಂತಿತು. ಇಷ್ಟು ವರ್ಷದಲ್ಲಿ ಕಾರಿನ ಮೈಕಟ್ಟು ಹೆಚ್ಚೇನೂ ಬದಲಾಗಲಿಲ್ಲ. 1489 ಸಿ.ಸಿ.ಯ ಪೆಟ್ರೋಲ್ ಎಂಜಿನ್ನು ದಶಕಗಟ್ಟಲೆ ಅದೇ. ಲೈಸೆನ್ಸ್ ಕಾಲದಲ್ಲಿ ಪೈಪೋಟಿ ಕಡಿಮೆ, ಹೊಸ ಮಾದರಿ ತರುವ ಅವಸರವೂ ಇರಲಿಲ್ಲ. ಕೊಳ್ಳುವವರು ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ರಿಪೇರಿ ಮಾಡುವವರಿಗೆ ಮಾತ್ರ ಇದರಿಂದ ಅನುಕೂಲವಾಯ್ತು. ಒಂದು ಕಾರಿನ ಸಾಮಾನು ಇನ್ನೊಂದಕ್ಕೆ ಕೂತ್ಕೊಳ್ತಿತ್ತು. ಸಣ್ಣ ಕಾರ್ಖಾನೆಯವರೂ ಅದರ ಬಿಡಿಭಾಗ ಮಾಡಿ ಮಾರಿದರು. ಸ್ಪಾರ್ಕ್ ಪ್ಲಗ್ಗು ಬೆಂಗಳೂರಿನ ಆಡುಗೋಡಿಯ ಮೈಕೋ ಕಂಪನಿಯದು. ಬೇರೆ ಏನು ಬೇಕಿದ್ದರೂ ಹಿಂದೂಪುರದಲ್ಲಿ ರೈಲು ಹತ್ತಿ ಜೆ.ಸಿ. ರೋಡಿಗೆ ಹೋದರೆ ರಾತ್ರಿಯೊಳಗೆ ಸಾಮಾನು ಸಮೇತ ಮನೆ ಸೇರಬಹುದಿತ್ತು.

ಆದರೆ ಒಳ್ಳೇ ಮಾಲು ಸಿಗೋ ಕಡೆ ಡೂಪ್ಲಿಕೇಟೂ ಸಿಗುತ್ತೆ. 1994ರಲ್ಲಿ ಬ್ರೇಕಿನ ವೀಲ್ ಸಿಲಿಂಡರಿಗೆ ರಬ್ಬರ್ ವಾಷರು ಹಾಕಿಸಬೇಕಿತ್ತು. ಮೇಸ್ತ್ರಿ ಸಾಬ್ರು ಕಂಪನಿ ಹೆಸರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ನಾನು ಅರ್ಧ ಬೆಲೆಗೆ ಹೆಸರಿಲ್ಲದ ಪೊಟ್ಟಣ ತಂದು, ಮಿಕ್ಕ ದುಡ್ಡಲ್ಲಿ ಸಿನಿಮಾ ನೋಡಿದೆ. ಸಾಬ್ರು ಪೊಟ್ಟಣ ತಿರುಗಿಸಿ ನೋಡಿ, "ಇದ್ಯಾಕಪ್ಪಾ ತಂದೆ?" ಅಂದ್ರು. "ನೀವು ಬರೆದಿದ್ದು ಸಿಗಲಿಲ್ಲ" ಅಂತ ಸುಳ್ಳು ಹೇಳಿದೆ.

ಎರಡು ತಿಂಗಳಾದ ಮೇಲೆ ಅಕ್ಕನನ್ನೂ ಅವಳ ಮೂರು ತಿಂಗಳ ಮಗುವನ್ನೂ ಕಲ್ಯಾಣದುರ್ಗದಿಂದ ಕರ್ಕೊಂಡು ಬರ್ತಿದ್ವಿ. ಒಂದು ಇಳಿಜಾರಿನಲ್ಲಿ ಕುರಿಮಂದೆ ಅಡ್ಡ ಬಂತು. ಅಪ್ಪ ಬ್ರೇಕ್ ತುಳಿದರೆ ಪೆಡಲು ನೆಲಕ್ಕೇ ಹೋಯ್ತು. ಗೇರು ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಪಕ್ಕದ ಹೊಲದ ಬದುವಿಗೆ ಗಾಡಿ ಒರೆಸಿ ಹೇಗೋ ನಿಲ್ಲಿಸಿದರು. ಕುರಿಗೂ ಏನಾಗಲಿಲ್ಲ, ಮಗುವಿಗೂ ಏನಾಗಲಿಲ್ಲ. ಇಳಿದು ನೋಡಿದರೆ ವಾಷರು ಉಬ್ಬಿ ಹರಿದು ಬ್ರೇಕ್ ಆಯಿಲ್ಲೆಲ್ಲ ಸೋರಿತ್ತು. ನಮ್ಮ ಕಾರಿನ ನಾಲ್ಕೂ ಗಾಲಿಗೆ ಒಂದೇ ಬ್ರೇಕ್ ಲೈನು. ಒಂದು ಕಡೆ ಸೋರಿದರೆ ನಾಲ್ಕೂ ಹೋದ ಹಾಗೆ. ಅವತ್ತು ರಾತ್ರಿ ನಿಜ ಹೇಳಿದೆ. ಅಪ್ಪ ಬೈಯಲಿಲ್ಲ. "ಉಳಿಸಿದ್ದು ಎಷ್ಟಪ್ಪಾ?" ಅಂತ ಕೇಳಿ ಸುಮ್ಮನಾದರು.

ಆಮೇಲೆ ಸಾಬ್ರು ಒಂದು ಲೆಕ್ಕ ಹೇಳಿಕೊಟ್ಟರು. ಬಾಗಿಲ ಹಿಡಿ, ಬಂಪರು, ಗಾಜು ಗುಜರಿಯಿಂದ ತಂದರೂ ಅಡ್ಡಿಯಿಲ್ಲ. ಗಾಡಿ ನಿಲ್ಲಿಸೋ ಬ್ರೇಕು, ತಿರುಗಿಸೋ ಸ್ಟೇರಿಂಗು, ನೆಲ ಹಿಡಿಯೋ ಟೈರು, ಈ ಮೂರಕ್ಕೆ ಹಳೇದೂ ಬೇಡ, ಅಗ್ಗದ್ದೂ ಬೇಡ.

ಟೈರಿನ ಮಾತು. ನಮ್ಮ ಕಾರಿನದು 5.90-15, ನೈಲಾನ್ ಟೈರು. ಅದರ ಜೊತೆ ಒಂದೇ ಆಕ್ಸಲ್ಲಿಗೆ ರೇಡಿಯಲ್ ಹಾಕಬಾರದು. ಎರಡೂ ಬೇರೆ ಬೇರೆ ಥರ ಬಾಗ್ತವೆ, ತಿರುವಿನಲ್ಲಿ ಗಾಡಿ ಎಳೆಯುತ್ತೆ. ರೀಸೋಲ್ ಮಾಡಿಸಿದ್ದು ಮುಂದಿನ ಗಾಲಿಗೆ ಬೇಡ. ಕೊಳ್ಳುವಾಗ ಟೈರಿನ ಪಕ್ಕದಲ್ಲಿರೋ ನಾಲ್ಕು ಅಂಕಿ ನೋಡಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾಗಿದ್ದು. ಗುಂಡಿ ಸವೆಯದಿದ್ದರೂ ರಬ್ಬರಿಗೆ ವಯಸ್ಸಾಗುತ್ತೆ, ನಮ್ಮ ಕಡೆ ಬಿಸಿಲಿಗೆ ಇನ್ನೂ ಬೇಗ.

ಎಂಜಿನ್ ಆಯಿಲ್ ಡಬ್ಬದ ಮೇಲೆ 20ಡಬ್ಲ್ಯೂ-40 ಅಂತ ಇರುತ್ತೆ. ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತೆ ಅನ್ನೋದಕ್ಕೆ, ಎರಡನೇದು ಕಾದಾಗ ಎಷ್ಟು ಮಂದ ಉಳಿಯುತ್ತೆ ಅನ್ನೋದಕ್ಕೆ. ಸವೆದ ಹಳೇ ಎಂಜಿನ್ನಿಗೆ ನಮ್ಮ ಬೇಸಿಗೆಯಲ್ಲಿ 20ಡಬ್ಲ್ಯೂ-40 ಇಲ್ಲವೇ 20ಡಬ್ಲ್ಯೂ-50 ಸರಿ. ಹೊಸ ಕಾರುಗಳ ತೆಳು ಆಯಿಲ್ ಹಾಕಿದರೆ ಸೀಲು, ರಿಂಗುಗಳ ಸಂದಿಯಲ್ಲಿ ಇಳಿದುಹೋಗಿ ಹೊಗೆ ಶುರುವಾಗುತ್ತೆ. ದುಬಾರಿ ಅಂದಮಾತ್ರಕ್ಕೆ ಎಲ್ಲಾ ಗಾಡಿಗೂ ಒಳ್ಳೇದಲ್ಲ.

2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸ ಬೆರೆಸಿದ ಪೆಟ್ರೋಲ್ ನಿಂತಿತು. ಗಾಳಿಗೆ ಒಳ್ಳೇದೇ ಆಯ್ತು. ಆದರೆ ಹಳೇ ಎಂಜಿನ್ನಿನ ವಾಲ್ವ್ ಸೀಟನ್ನು ಸವೆಯದಂತೆ ಕಾಯ್ತಿದ್ದದ್ದು ಆ ಸೀಸವೇ. ನಾವು ಹೆಡ್ ಬಿಚ್ಚಿಸಿ ಗಟ್ಟಿ ಲೋಹದ ಸೀಟು ಕೂರಿಸಿದ್ವಿ.

ಈಗ ಪೆನುಕೊಂಡದ ಹತ್ತಿರ 2019ರಿಂದ ಕಿಯಾ ಕಾರುಗಳು ತಯಾರಾಗ್ತಿವೆ. ಅವೂ ಒಂದು ದಿನ ಹಳೇವಾಗ್ತವೆ, ಸಾಮಾನು ಆರಿಸೋ ಕೆಲಸ ಆಗಲೂ ಇರುತ್ತೆ. ನಮ್ಮ ಸಾಬ್ರು ಈಗಿಲ್ಲ. ನಾನು ಅಂಗಡಿಗೆ ಹೋಗುವಾಗ ಬಿಚ್ಚಿದ ಹಳೇ ಸಾಮಾನನ್ನೇ ಜೇಬಲ್ಲಿಟ್ಕೊಂಡು ಹೋಗ್ತೀನಿ, ಹೊಸದನ್ನ ಅದರ ಪಕ್ಕ ಇಟ್ಟು ನೋಡಿ ತಗೊಳ್ತೀನಿ, ಬಿಲ್ಲು ಕೇಳ್ತೀನಿ. ಅವತ್ತು ಹಿಂದಿನ ಸೀಟಲ್ಲಿದ್ದ ಕೂಸು ಈಗ ಕಲ್ಯಾಣದುರ್ಗದಲ್ಲಿ ಮಕ್ಕಳಿಗೆ ಪಾಠ ಹೇಳ್ತಾಳೆ. ಅವಳನ್ನ ಕರ್ಕೊಂಡು ಬರೋಕೆ ಹೊರಟಾಗಲೆಲ್ಲ ಅಂಗಳದಲ್ಲೇ ಒಂದು ಸಲ ಬ್ರೇಕ್ ತುಳಿದು ನೋಡಿ ಆಮೇಲೆ ಗೇರು ಹಾಕ್ತೀನಿ.