ಪ್ರಿಂಟರಿನ ವೇಷ ತೊಟ್ಟ ಕಂಪ್ಯೂಟರು

ಡೊಂಬಿವಲಿಯ ನಮ್ಮ ಮನೆಯ ಕಪಾಟಿನಲ್ಲಿ ಒಂದು ಹಳೆಯ ಗೇಮ್‌ಬಾಯ್ ಇದೆ. ಜಪಾನಿನ ನಿಂಟೆಂಡೊ ಕಂಪೆನಿ 1989ರಲ್ಲಿ ಹೊರತಂದ, ಅಂಗೈಯಲ್ಲಿ ಹಿಡಿದು ಆಡುವ ಯಂತ್ರವಿದು. 1998ರಲ್ಲಿ ಅದಕ್ಕೆ ಕ್ಯಾಮೆರಾ ಕಾರ್ಟ್ರಿಜ್ ಬಂತು. ಮಸ್ಕತಿನಲ್ಲಿದ್ದ ಸೋದರಮಾವ ತಂದುಕೊಟ್ಟರು. ನಾಲ್ಕೇ ಛಾಯೆ, 128 ಚುಕ್ಕೆ ಅಗಲ, 112 ಚುಕ್ಕೆ ಎತ್ತರ. ಹಿಡಿಸುವುದು 30 ಚಿತ್ರ. ಅವುಗಳಲ್ಲೊಂದು, ಗ್ಯಾಲರಿಯಲ್ಲಿ ಕುಳಿತು ಪತ್ರಿಕೆ ಓದುತ್ತಿರುವ ನಮ್ಮ ತಂದೆಯವರದು. ಅವರು ಈಗಿಲ್ಲ.

ಚಿತ್ರಗಳು ಉಳಿದಿರುವುದು ಕಾರ್ಟ್ರಿಜ್ಜಿನೊಳಗಿನ ನಾಣ್ಯದಂಥ ಸೆಲ್ಲಿನ ಬಲದಿಂದ. ಅದು ಮುಗಿದರೂ, ಬದಲಿಸಲೆಂದು ಕಿತ್ತರೂ ಎಲ್ಲ ಅಳಿಸಿಹೋಗುತ್ತದೆ. ಕಂಪ್ಯೂಟರಿಗೆ ಇಳಿಸೋಣವೆಂದರೆ, ಗೇಮ್‌ಬಾಯ್ ಹುಟ್ಟಿದಾಗ ಯುಎಸ್‌ಬಿಯೇ ಇರಲಿಲ್ಲ. ಅದು ಬಂದದ್ದು 1996ರಲ್ಲಿ. ಮೊದಲು ಹವ್ಯಾಸಿಗಳು ಕಂಪ್ಯೂಟರಿನ ಹಿಂಬದಿಯ 25 ಪಿನ್ನಿನ ಪ್ರಿಂಟರ್ ಪೋರ್ಟಿಗೆ ಕಾರ್ಟ್ರಿಜ್ ಓದುವ ಸಾಧನ ಜೋಡಿಸುತ್ತಿದ್ದರು. ಕ್ರಮೇಣ ಆ ಪೋರ್ಟು ಮಾಯವಾಯಿತು. ಅಂಗಡಿಯಲ್ಲಿ ಸಿಗುವ ಯುಎಸ್‌ಬಿ ಪರಿವರ್ತಕ ಸಾಮಾನ್ಯವಾಗಿ ಪ್ರಿಂಟರಿಗಷ್ಟೇ ಸರಿ, ಇಂಥ ಸಾಧನಕ್ಕೆ ಒದಗದು. ಹಣ ಕಳೆದುಕೊಂಡು ಕಲಿತ ಪಾಠವಿದು!

ಉಪಾಯವೂ ಪ್ರಿಂಟರಿನಲ್ಲೇ ಇತ್ತು. ಗೇಮ್‌ಬಾಯ್‌ಗೆ ಕಂಪ್ಯೂಟರಿನ ಪರಿಚಯವಿಲ್ಲ, ತನ್ನದೇ ಪುಟ್ಟ ಪ್ರಿಂಟರಿನ ಪರಿಚಯವುಂಟು. 2005ರಲ್ಲಿ ಇಟಲಿಯಲ್ಲಿ ಹುಟ್ಟಿದ ಆರ್ಡುಯಿನೊ ಎಂಬ ಬೋರ್ಡಿಗೆ ಹವ್ಯಾಸಿಗಳು ಆ ಪ್ರಿಂಟರಿನ ಭಾಷೆ ಕಲಿಸಿದರು. ಬೋರ್ಡು 5 ವೋಲ್ಟಿನದಾದರೆ ನೇರ ಹೊಂದುತ್ತದೆ, 3.3ರದ್ದಾದರೆ ನಡುವೆ ವೋಲ್ಟೇಜು ಹೊಂದಿಸುವ ಏರ್ಪಾಡು ಬೇಕು.

ಲ್ಯಾಮಿಂಗ್ಟನ್ ರೋಡಿನಿಂದ ಬೋರ್ಡು ತಂದೆ. ಲಿಂಕ್ ಕೇಬಲಿನ ಒಂದು ತುದಿ ಕತ್ತರಿಸಿ, ಬಣ್ಣ ನಂಬದೆ ಮೀಟರು ಹಿಡಿದು ತಂತಿಗಳನ್ನು ಗುರುತಿಸಿ ಜೋಡಿಸಿದೆ. ಸೆಕೆಂಡಿಗೆ 8192 ಬಿಟ್ಟುಗಳ ಗತಿಯಲ್ಲಿ ತಂದೆಯವರು ಪತ್ರಿಕೆ ಸಮೇತ ಬಂದರು. ಸೆಲ್ಲನ್ನು ಮಾತ್ರ ಇನ್ನೂ ಬದಲಿಸಿಲ್ಲ.