ವೆಲ್ಲೂರಿಗೆ ಕರಕೊಂಡು ಹೋಗಿ

ನಮ್ಮ ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ಕಾಯಿಲೆ ಕೈಮೀರಿತು ಎಂದು ಹೇಳುವುದಕ್ಕೆ ಒಂದೇ ಮಾತಿತ್ತು: "ವೆಲ್ಲೂರಿಗೆ ಕರಕೊಂಡು ಹೋಗಿ." ಬೆಂಗಳೂರು ನಮಗೇನೂ ದೂರವಲ್ಲ. ಆದರೂ ಪಲಮನೇರು, ಚಿತ್ತೂರು ದಾಟಿ ಹೋಗುವ ವೆಲ್ಲೂರಿನ ಬಸ್ಸಿನ ಮೇಲೆಯೇ ಜನರಿಗೆ ನಂಬಿಕೆ. ಕೈಯಲ್ಲಿ ಹಾಸಿಗೆ ಸುರುಳಿ, ಸೀಮೆಎಣ್ಣೆ ಸ್ಟೌವು, ಅಕ್ಕಿಯ ಗಂಟು ಹಿಡಿದು ನಿಂತವರನ್ನು ಎಲ್ಲಿಗೆ ಹೊರಟಿರಿ ಎಂದು ಯಾರೂ ಕೇಳುತ್ತಿರಲಿಲ್ಲ.

1984ರಲ್ಲಿ ನಾವೂ ಹಾಗೆ ಹೊರಟೆವು. ಅಮ್ಮನಿಗೆ ನಾಲ್ಕು ಹೆಜ್ಜೆ ನಡೆದರೆ ಉಬ್ಬುಸ. ಚಿಕ್ಕಂದಿನಲ್ಲಿ ಬಂದಿದ್ದ ಕೀಲುಜ್ವರ ಹೃದಯದ ಕವಾಟವನ್ನು ಕಿರಿದು ಮಾಡಿತ್ತು. ಮೂರು ವರ್ಷದಿಂದ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ಬಾವಿಯಿಂದ ನೀರು ತರುವಾಗ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಂಡು ಬರುತ್ತಿದ್ದಳು. ಹೆಂಗಸಿನ ಕಾಯಿಲೆ ಮನೆಯವರಿಗೆ ಗೊತ್ತಾಗುವುದು ಅಡುಗೆ ನಿಂತ ದಿನ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನಮ್ಮ ಮನೆಯಲ್ಲೂ ಹಾಗೆಯೇ ಆಯಿತು.

ಅಜ್ಜಿಗೆ ಇನ್ನೊಂದು ಮಾತಿತ್ತು. ಅವಳ ಅಕ್ಕ ಚೊಚ್ಚಲ ಹೆರಿಗೆಯಲ್ಲಿ ಎರಡು ದಿನ ನರಳಿ ಹೋಗಿಬಿಟ್ಟಿದ್ದಳು. ಸೂಲಗಿತ್ತಿ ಕೈಚೆಲ್ಲಿದಾಗ ಪೇಟೆಯಲ್ಲಿ ಡಾಕ್ಟರು ಇದ್ದರು, ಗಾಡಿಯೂ ಇತ್ತು. "ಗಂಡಸು ಡಾಕ್ಟ್ರು ಕಣೇ, ಅದಕ್ಕೇ ಬ್ಯಾಡ ಅಂದ್ರು" ಎಂದು ಅಜ್ಜಿ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದಳು. ಬೇಡ ಎಂದವರ ಮೇಲೆ ಅವಳಿಗೆ ಸಿಟ್ಟೂ ಇರಲಿಲ್ಲ. ಕಾಲವೇ ಹಾಗಿತ್ತು ಎಂಬಂತೆ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

ಮುಂದೆ ನಾನು ಮೇಷ್ಟ್ರಾಗಿ ಮಕ್ಕಳಿಗೆ ಇತಿಹಾಸ ಹೇಳತೊಡಗಿದ ಮೇಲೆ, ವೆಲ್ಲೂರಿನ ಆಸ್ಪತ್ರೆ ಹುಟ್ಟಿದ್ದೇ ಇಂಥ ಮೂರು ಸಾವುಗಳಿಂದ ಎಂದು ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಐಡಾ ಸ್ಕಡರ್ ಹುಟ್ಟಿದ್ದು 1870ರಲ್ಲಿ, ರಾಣಿಪೇಟೆಯಲ್ಲಿ. ಅಜ್ಜ, ಅಪ್ಪ ಇಬ್ಬರೂ ಅಮೆರಿಕದಿಂದ ಬಂದ ಮಿಷನರಿ ವೈದ್ಯರು. ಈ ಹುಡುಗಿಗೆ ಮಾತ್ರ ಆ ಬಾಳು ಬೇಡವಾಗಿತ್ತು. ಬರಗಾಲದಲ್ಲಿ ಹಸಿದ ಮಕ್ಕಳನ್ನು ಕಂಡ ನೆನಪೇ ಅವಳಿಗೆ ಸಾಕಾಗಿತ್ತು. ಅಮೆರಿಕದಲ್ಲಿ ಓದಿ, ಮದುವೆಯಾಗಿ, ಅಲ್ಲಿಯೇ ನೆಲೆಸುವ ಆಸೆ. 1890ರಲ್ಲಿ ತಾಯಿಗೆ ಕಾಯಿಲೆಯೆಂದು ದಿಂಡಿವನಕ್ಕೆ ಬಂದದ್ದು ಕೆಲವು ದಿನದ ಮಟ್ಟಿಗೆ. ಒಂದು ರಾತ್ರಿ ಒಬ್ಬ ಬ್ರಾಹ್ಮಣ ಬಂದು, ತನ್ನ ಹೆಂಡತಿ ಹೆರಿಗೆಯಲ್ಲಿ ಸಾಯುತ್ತಿದ್ದಾಳೆ, ನೀವು ಬನ್ನಿ ಎಂದ. ತನಗೇನೂ ತಿಳಿಯದು, ಅಪ್ಪನನ್ನು ಕರೆದುಕೊಂಡು ಹೋಗಿ ಎಂದಳು ಐಡಾ. ಪರಗಂಡಸು ಹೆರಿಗೆಯ ಕೋಣೆಗೆ ಬರುವುದೆಂದರೇನು ಎಂದು ಆತ ಹಿಂದಿರುಗಿದ. ಅದೇ ರಾತ್ರಿ ಒಬ್ಬ ಮುಸ್ಲಿಮ್, ಅವನ ನಂತರ ಇನ್ನೊಬ್ಬ ಹಿಂದೂ ಬಂದರು. ಅದೇ ಬೇಡಿಕೆ, ಅದೇ ಉತ್ತರ. ಬೆಳಗಾಗುವಷ್ಟರಲ್ಲಿ ಮೂವರು ಹುಡುಗಿಯರೂ ಸತ್ತಿದ್ದರು.

ಮೂರು ಜಾತಿಮತದ ಗಂಡಸರು ಬೇರೆ ಯಾವುದರಲ್ಲಿ ಒಂದಾಗಿದ್ದರೋ ಕಾಣೆ, ಇದೊಂದರಲ್ಲಿ ಒಂದಾಗಿದ್ದರು. ಅವರು ಕಟುಕರೂ ಅಲ್ಲ. ಅರ್ಧರಾತ್ರಿಯಲ್ಲಿ ಪರದೇಶದವರ ಬಾಗಿಲು ತಟ್ಟಿದವರು, ಹೆಂಡತಿ ಉಳಿಯಲಿ ಎಂದು ಬಯಸಿದವರು. ಆದರೂ ಹೊಸಿಲು ದಾಟಲು ಅವರಿಂದ ಆಗಲಿಲ್ಲ. ದಾನಧರ್ಮದ ಆಸ್ಪತ್ರೆಗಳ ಕಥೆಯನ್ನು ದುಡ್ಡಿನಿಂದ ಆರಂಭಿಸುವುದು ವಾಡಿಕೆ. ಅಲ್ಲಿ ಕೊರತೆಯಾಗಿದ್ದು ದುಡ್ಡಲ್ಲ, ಔಷಧವೂ ಅಲ್ಲ. ಆ ಕೋಣೆಯೊಳಗೆ ಹೋಗಬಲ್ಲ ಒಬ್ಬಳು ಹೆಂಗಸು.

ಐಡಾ ಅಮೆರಿಕಕ್ಕೆ ಹಿಂದಿರುಗಿ ವೈದ್ಯಕೀಯ ಓದಿ 1899ರಲ್ಲಿ ಕಾರ್ನೆಲ್‌ನಿಂದ ಪದವಿ ಪಡೆದಳು. ನ್ಯೂಯಾರ್ಕಿನ ಷೆಲ್ ಎಂಬ ಬ್ಯಾಂಕಿನ ಯಜಮಾನ, ತೀರಿಹೋದ ತನ್ನ ಹೆಂಡತಿ ಮೇರಿ ಟೇಬರ್ ಷೆಲ್ ಹೆಸರಿನಲ್ಲಿ ಆಸ್ಪತ್ರೆ ಕಟ್ಟಲು 10,000 ಡಾಲರ್ ಕೊಟ್ಟ. 1900ರಲ್ಲಿ ವೆಲ್ಲೂರಿನ ತಮ್ಮ ಮನೆಯ ಒಂದು ಕೋಣೆಯಲ್ಲಿ ಒಂದು ಮಂಚ ಹಾಕಿ ಕೆಲಸ ಸುರುವಾಯಿತು. ಸಹಾಯಕ್ಕೆ ನರ್ಸುಗಳಿರಲಿಲ್ಲ, ಸಲೋಮಿ ಎಂಬ ಹೆಂಗಸೊಬ್ಬಳು ಇದ್ದಳು. ಮಿಷನ್ನಿನ ಔಷಧಿ ಕುಡಿದರೆ ಜಾತಿ ಕೆಡುತ್ತದೆಂಬ ಹೆದರಿಕೆ ಊರಿಗೆ ಇದ್ದೇ ಇತ್ತು. ಆದರೂ ಮೊದಲ ಎರಡು ವರ್ಷದಲ್ಲಿ ಸುಮಾರು 5,000 ಮಂದಿ ಬಂದರು. 1902ರಲ್ಲಿ 40 ಹಾಸಿಗೆಗಳ ಷೆಲ್ ಆಸ್ಪತ್ರೆ ಬಾಗಿಲು ತೆರೆಯಿತು.

ಬಾರದವರ ಹತ್ತಿರ ತಾನೇ ಹೋಗಬೇಕೆಂದು ಐಡಾ ಹೊರಟಳು. ದಾರಿಬದಿಯ ಮರದಡಿ ಗಾಡಿ ನಿಲ್ಲಿಸಿ ಔಷಧಿ ಕೊಡುವುದು, ಹುಣ್ಣು ತೊಳೆದು ಕಟ್ಟುವುದು, ಕುಷ್ಠದವರನ್ನೂ ದೂರ ಮಾಡದೆ ನೋಡುವುದು. 1909ರಲ್ಲಿ ಪೂಜೋ ಎಂಬ ಮೋಟಾರು ಬಂದಾಗ, ಎತ್ತಿಲ್ಲದೆ ಓಡುವ ಗಾಡಿ ಕಂಡು ಹಳ್ಳಿಯವರು ದೆವ್ವವೆಂದು ಓಡಿದರಂತೆ. ಆದರೆ ಒಬ್ಬಳೇ ಎಷ್ಟು ಮರದಡಿ ನಿಂತಾಳು? ಅದೇ ವರ್ಷ ನರ್ಸುಗಳ ಶಾಲೆ, 1918ರಲ್ಲಿ ಹುಡುಗಿಯರಿಗಾಗಿ ವೈದ್ಯಕೀಯ ಶಾಲೆ. ಮದರಾಸು ಸರ್ಕಾರದ ವೈದ್ಯಾಧಿಕಾರಿಗೆ ಹೆಣ್ಣುಮಕ್ಕಳು ಇದನ್ನೆಲ್ಲ ಓದಿಯಾರೆಂಬ ನಂಬಿಕೆ ಇರಲಿಲ್ಲ. ಮೊದಲ ವರ್ಷದ ಪರೀಕ್ಷೆಯಲ್ಲಿ ಇಡೀ ಪ್ರಾಂತ್ಯದ ಗಂಡುಮಕ್ಕಳಲ್ಲಿ ಐದಕ್ಕೆ ಒಬ್ಬರು ಮಾತ್ರ ಪಾಸಾದರೆ, ವೆಲ್ಲೂರಿನಿಂದ ಕೂತ ಹುಡುಗಿಯರು ಎಲ್ಲರೂ ಪಾಸಾದರು. ಈ ವಿಷಯ ಹೇಳುವಾಗ ನನ್ನ ತರಗತಿಯ ಹೆಣ್ಣುಮಕ್ಕಳ ಬೆನ್ನು ನೆಟ್ಟಗಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಕಷ್ಟ ಬಂದದ್ದು ಆಮೇಲೆ. ಸರ್ಕಾರ ಹಳೆಯ ಚಿಕ್ಕ ಕೋರ್ಸನ್ನು ನಿಲ್ಲಿಸಿ ಎಂ.ಬಿ.ಬಿ.ಎಸ್. ಮಟ್ಟಕ್ಕೇರಿಸಬೇಕೆಂದಾಗ ಅಷ್ಟು ಹಣ ಹೆಂಗಸರ ಶಾಲೆಗೆ ಎಲ್ಲಿಂದ ಬರಬೇಕು? ಗಂಡುಮಕ್ಕಳನ್ನೂ ಸೇರಿಸಿಕೊಂಡರೆ ಹೆಚ್ಚು ಮಿಷನ್ನುಗಳು ಕೈಜೋಡಿಸುತ್ತವೆ. ಹೆಣ್ಣುಮಕ್ಕಳಿಗೆಂದು ಕೊಟ್ಟ ಹಣ ಅದು ಎಂದು ಐಡಾಳ ಹಳೆಯ ಬೆಂಬಲಿಗಳಾದ ಲೂಸಿ ಪೀಬಡಿ ವಿರೋಧಿಸಿದಳು. ಇಬ್ಬರೂ ಒಂದೊಂದು ರೀತಿಯಲ್ಲಿ ಸರಿಯೇ. ಕೊನೆಗೆ ಐಡಾ ಬಾಗಿಲು ತೆರೆಯುವುದಕ್ಕೆ ಒಪ್ಪಿದಳು. 1942ರಲ್ಲಿ ಪದವಿ ತರಗತಿ, 1947ರಲ್ಲಿ ಗಂಡು ವಿದ್ಯಾರ್ಥಿಗಳು ಬಂದರು. ಅವಳು ತೀರಿಕೊಂಡದ್ದು 1960ರಲ್ಲಿ. ಮರುವರ್ಷವೇ ಅಲ್ಲಿ ಹೃದಯವನ್ನು ತೆರೆದು ಮಾಡುವ ಶಸ್ತ್ರಚಿಕಿತ್ಸೆ, ದೇಶದಲ್ಲೇ ಮೊದಲ ಸಲ ನಡೆಯಿತು.

ಇಂಥ ಆಸ್ಪತ್ರೆಯಲ್ಲಿ ಅಮ್ಮನ ಆಪರೇಷನ್ನಿಗೆ ಆಗುವ ಖರ್ಚು ಕೇಳಿ ಅಪ್ಪ ಕಂಬಕ್ಕೆ ಒರಗಿದರು. ಇದ್ದದ್ದು ಒಂದು ಎಕರೆ ಹೊಲ, ಎರಡು ಎಮ್ಮೆ. ಯಾರೋ ನಮ್ಮನ್ನು ಒಂದು ಚಿಕ್ಕ ಕೋಣೆಗೆ ಕಳುಹಿಸಿದರು. ಅಲ್ಲಿ ಹತ್ತಿಸೀರೆಯ ಒಬ್ಬ ಹೆಂಗಸು ಕೂತಿದ್ದರು. ನಮ್ಮ ಕಡೆಯವರಿಗೆಲ್ಲ ತೆಲುಗು ಬರುತ್ತದಲ್ಲ, ತೆಲುಗಿನಲ್ಲೇ ಮಾತಾಡಿದರು. ಮಕ್ಕಳೆಷ್ಟು, ಮಳೆ ಹೇಗಿದೆ, ಸಾಲ ಉಂಟೇ ಎಂದೆಲ್ಲ ಕೇಳಿದರು. ಅಪ್ಪನಿಗೆ ಮುಖ ಕೆಂಪಾಯಿತು. "ಭಿಕ್ಷೆ ಬೇಡೋಕೆ ಬಂದಿಲ್ಲ ತಾಯಿ" ಎಂದರು.

ಆಕೆ ಬೇಸರಪಡಲಿಲ್ಲ. "ಭಿಕ್ಷೆ ಯಾರು ಕೊಟ್ಟರು ಅಣ್ಣಾ? ಸ್ಪೆಷಲ್ ವಾರ್ಡಿನವರು ಸ್ವಲ್ಪ ಜಾಸ್ತಿ ಕಟ್ತಾರೆ, ನೀವು ಸ್ವಲ್ಪ ಕಡಿಮೆ ಕಟ್ತೀರಿ. ಎರಡೂ ಸೇರಿದರೆ ಲೆಕ್ಕ ಸರಿಹೋಗುತ್ತೆ" ಎಂದು ಚೀಟಿ ಬರೆದುಕೊಟ್ಟರು. ಒಂದು ಎಮ್ಮೆ ಹೋಯಿತು, ಹೊಲ ಉಳಿಯಿತು. ಅಮ್ಮನೂ ಉಳಿದಳು.

ಲಾಭಕ್ಕಾಗಿ ಅಲ್ಲದ ಆಸ್ಪತ್ರೆ ಎಂದರೇನು ಎಂಬುದಕ್ಕೆ ನನಗೆ ಇಷ್ಟು ಸರಳವಾದ ವಿವರಣೆ ಬೇರೆಲ್ಲೂ ಸಿಕ್ಕಿಲ್ಲ. ಅಲ್ಲಿಯೂ ಬಿಲ್ಲು ಇದೆ, ಉಳಿತಾಯವೂ ಇದೆ. ಉಳಿದದ್ದು ಪಾಲುದಾರರ ಜೇಬಿಗೆ ಹೋಗದೆ ಇನ್ನೊಬ್ಬರ ಮಂಚಕ್ಕೆ ಹೋಗುತ್ತದೆ, ಅಷ್ಟೇ. ಮಧುರೆಯಲ್ಲಿ ಡಾ. ಜಿ. ವೆಂಕಟಸ್ವಾಮಿಯವರು ಸರ್ಕಾರಿ ನೌಕರಿಯಿಂದ ನಿವೃತ್ತರಾದ ಮೇಲೆ 1976ರಲ್ಲಿ 11 ಹಾಸಿಗೆಗಳ ಅರವಿಂದ ಕಣ್ಣಿನ ಆಸ್ಪತ್ರೆ ತೆರೆದದ್ದೂ ಇದೇ ಲೆಕ್ಕದ ಮೇಲೆ. ಅವರು ಇನ್ನೊಂದನ್ನೂ ಕಂಡುಕೊಂಡರು. ಆಪರೇಷನ್ ಬಿಟ್ಟಿ ಎಂದರೂ ಬಡವರು ಬರುವುದಿಲ್ಲ. ಬಸ್ಸಿನ ಚಾರ್ಜು, ಊಟ, ತಪ್ಪಿದ ಕೂಲಿ, ಜೊತೆಗೆ ಬರುವವರ ಕೂಲಿ ಇವೆಲ್ಲ ಯಾರು ಕೊಡುತ್ತಾರೆ? ಹಾಗಾಗಿ ಕ್ಯಾಂಪಿನಿಂದಲೇ ಜನರನ್ನು ಕರೆತಂದು, ಊಟ ಹಾಕಿ, ಹಿಂದಕ್ಕೆ ಬಿಡುವ ಏರ್ಪಾಟು ಮಾಡಿದರು. ವೆಲ್ಲೂರಿನವರು 1977ರಲ್ಲಿ ಕೆ.ವಿ. ಕುಪ್ಪಂನಲ್ಲಿ ಗ್ರಾಮೀಣ ಕೇಂದ್ರ ತೆರೆದದ್ದೂ ಆಸ್ಪತ್ರೆ ಹಳ್ಳಿಯ ಕಡೆಗೆ ನಡೆಯಬೇಕೆಂದೇ. ಐಡಾಳ ಮರದಡಿಯ ಗಾಡಿಯ ಮುಂದುವರಿಕೆ ಇದು.

ಆದರೂ ಒಂದು ಮಾತು ನನ್ನನ್ನು ಕೊರೆಯುತ್ತದೆ. ಇಂಥ ಆಸ್ಪತ್ರೆ ಎಲ್ಲ ಊರಿಗೂ ಸಿಗುವುದಿಲ್ಲ. ಒಬ್ಬ ಐಡಾ ಹುಟ್ಟಬೇಕು, ಒಬ್ಬ ಷೆಲ್ ದುಡ್ಡು ಕೊಡಬೇಕು. ಪುಣ್ಯವಿದ್ದ ಊರಿನವರು ಬದುಕಿಕೊಂಡರು ಎನ್ನುವಂತಾಗಬಾರದು; ಸರ್ಕಾರದ ಕೆಲಸ ಸರ್ಕಾರ ಮಾಡಲೇಬೇಕು. ಇನ್ನೊಂದು, ಆಸ್ಪತ್ರೆ ಎಷ್ಟೇ ಹತ್ತಿರ ಬಂದರೂ ಹೊಸಿಲು ನಮ್ಮ ಮನೆಯದೇ. ಅಜ್ಜಿಯ ಅಕ್ಕನನ್ನು ತಡೆದದ್ದು ಮನೆಯವರ ಮಾತು. ಅಮ್ಮನನ್ನು ತಡೆದದ್ದು ಅವಳದೇ ಸಂಕೋಚ. ನನ್ನ ಶಾಲೆಯಲ್ಲಿ ರಕ್ತಹೀನತೆಯಿಂದ ಪ್ರಾರ್ಥನೆಯ ಹೊತ್ತಿನಲ್ಲಿ ತಲೆ ತಿರುಗಿ ಬೀಳುವ ಹುಡುಗಿ, "ಏನಿಲ್ಲ ಮಿಸ್, ತಿಂಡಿ ತಿಂದಿರಲಿಲ್ಲ" ಎನ್ನುವಾಗ ನನಗೆ ಬಾವಿಕಟ್ಟೆಯ ಮೇಲೆ ಕೂತ ಅಮ್ಮನೇ ಕಾಣುತ್ತಾಳೆ.

ಅಮ್ಮ ಆಮೇಲೆ 22 ವರ್ಷ ಬದುಕಿದಳು. ಉಳಿದ ಎಮ್ಮೆಯ ಹಾಲಿನ ದುಡ್ಡಿನಲ್ಲಿ ವಾರಕ್ಕೆ ಒಂದು ರೂಪಾಯಿ ಮೆಣಸಿನ ಡಬ್ಬಿಯಲ್ಲಿ ಹಾಕುತ್ತಿದ್ದಳು. ಊರಿನಿಂದ ಯಾರಾದರೂ ವೆಲ್ಲೂರಿಗೆ ಹೊರಟರೆ ಅದನ್ನು ಸೆರಗಿನ ಗಂಟಿನಲ್ಲಿ ತಂದು ಅವರ ಕೈಗಿಡುವಳು. "ಆ ಹತ್ತಿಸೀರೆ ಅಮ್ಮನ ಕೋಣೇಲಿ ಕೊಟ್ಟುಬಿಡಿ. ಯಾರದಾದ್ರೂ ಚೀಟಿಗೆ ಆಯ್ತದೆ" ಎನ್ನುವಳು. ಅವಳು ಸ್ಪೆಷಲ್ ವಾರ್ಡಿನವಳಾದದ್ದು ಹೀಗೆ.